ದಸರೆ ಮುಗಿಯಿತು, ಬನ್ನಿ ಬೆಟ್ಟ ಹತ್ತೋಣ

ದಸರೆ ಮುಗಿಯಿತು. ಗೊಂಬೆಗಳು ಹಳೇ ಸೀರೆಯ ತುಂಡು ಸುತ್ತಿಕೊಂಡು ಮತ್ತೆ ಪೆಟ್ಟಿಗೆ ಸೇರಿದವು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಲು ಇನ್ನೂ ಒಂದಷ್ಟು ದಿನವಿದೆ. ಈ ನಡುವೆ ನಿಮಗಾಗಿ ಒಂದೇ ಒಂದು ದಿನ ಎತ್ತಿಡಲು ಸಾಧ್ಯವೇ? ತೌರುಮನೆಗೆ ಹೋಗುವುದಕ್ಕಲ್ಲ, ಯಾರದೋ ಮನೆಯ ಮದುವೆಯಲ್ಲಿ ತರಕಾರಿ ಹೆಚ್ಚುವುದಕ್ಕೂ ಅಲ್ಲ. ಬೆಟ್ಟ ಹತ್ತುವುದಕ್ಕೆ!

"ಅಯ್ಯೋ, ನನ್ನ ಕೈಲಿ ಎಲ್ಲಾಗುತ್ತೆ? ಮಂಡಿ ನೋವು ಬೇರೆ" ಎನ್ನುತ್ತೀರಿ. ಸ್ವಲ್ಪ ಯೋಚಿಸಿ. ದಿನಕ್ಕೆ ಎಷ್ಟು ಸಲ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತೀರಿ? ನೀರಿನ ಕೊಡ, ಒದ್ದೆ ಬಟ್ಟೆಯ ಬಕೆಟ್ಟು, ಸೊಂಟದ ಮೇಲೆ ಮಗು, ಇವನ್ನೆಲ್ಲ ಹೊತ್ತವರು ನೀವೇ ತಾನೆ? ಬೆಟ್ಟಕ್ಕೆ ಹೊರುವುದು ಒಂದು ಬುತ್ತಿ ಗಂಟು, ಒಂದು ನೀರಿನ ಬಾಟ್ಲಿ ಮಾತ್ರ. ನಿಜವಾಗಿ ಅಡ್ಡ ಬರುವುದು ಮಂಡಿಗಿಂತ ಹೆಚ್ಚಾಗಿ "ಮನೆ ಯಾರು ನೋಡಿಕೊಳ್ತಾರೆ?" ಎಂಬ ಚಿಂತೆ. ಆ ಮಾತಿಗೆ ಆಮೇಲೆ ಬರೋಣ.

ಯಾವ ಬೆಟ್ಟ?

ನಮ್ಮ ರಾಜ್ಯದ ಅತಿ ಎತ್ತರದ ಶಿಖರವನ್ನೇ ಆರಿಸಿಕೊಳ್ಳೋಣ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಅಂದರೆ 6,300 ಅಡಿಗೂ ಮೇಲೆ. ಹೆದರಬೇಡಿ, ಅಷ್ಟನ್ನೂ ನೀವು ಹತ್ತಬೇಕಾಗಿಲ್ಲ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಕೈಮರದ ಮೂಲಕ ವಾಹನದ ರಸ್ತೆ ಶಿಖರದ ಬುಡದವರೆಗೂ ಹೋಗುತ್ತದೆ. ಕೊನೆಗೆ ದೇವಸ್ಥಾನದವರೆಗೆ ಮೆಟ್ಟಿಲುಗಳಿವೆ. ವಯಸ್ಸಾದ ಅತ್ತೆಯವರನ್ನೂ ನಿಧಾನವಾಗಿ ಕೂರಿಸಿ, ಎಬ್ಬಿಸಿ ಕರೆದೊಯ್ಯಬಹುದು.

ಕಾಲಿಗೆ ಕೆಲಸ ಕೊಡಬೇಕೆನ್ನುವವರಿಗೆ ಸರ್ಪದಾರಿ ಇದೆ. ಹೆಸರು ಕೇಳಿ ಬೆಚ್ಚಬೇಡಿ. ಹಾವಿನಂತೆ ಅಂಕುಡೊಂಕಾಗಿ ಹೋಗುವುದರಿಂದ ಆ ಹೆಸರು. ರಸ್ತೆಯ ಪಕ್ಕದಿಂದಲೇ ಹೊರಟು ಹುಲ್ಲಿನ ಏಣಿನ ಮೇಲೆ ಮೂರು ನಾಲ್ಕು ಕಿಲೋಮೀಟರ್ ಏರುವ ಕಾಲುದಾರಿ. ಮಾತಾಡುತ್ತಾ, ಕೂರುತ್ತಾ ಹತ್ತಿದರೆ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಮೇಲೆ ಮುಳ್ಳಪ್ಪಸ್ವಾಮಿಯ ಗದ್ದುಗೆ. ಆ ಸ್ವಾಮಿಗಳು ಇಲ್ಲಿಯೇ ತಪಸ್ಸು ಮಾಡಿದರೆಂದು ಸ್ಥಳದ ನಂಬಿಕೆ. ದಾರಿಯಲ್ಲಿ ಸೀತಾಳಯ್ಯನಗಿರಿಯೂ ಸಿಗುತ್ತದೆ. ಎದುರಿನ ಸಾಲು ಬಾಬಾಬುಡನ್‌ಗಿರಿಯದು. ಬಾಬಾ ಬುಡನ್ 17ನೇ ಶತಮಾನದಲ್ಲಿ ಅರೇಬಿಯಾದಿಂದ ಏಳು ಕಾಫಿ ಬೀಜ ತಂದು ಬಿತ್ತಿದ್ದು ಇದೇ ಬೆಟ್ಟಗಳಲ್ಲಿ ಎಂದು ಹೇಳುತ್ತಾರೆ. ಬೆಳಗಾಗೆದ್ದು ಡಿಕಾಕ್ಷನ್ ಇಳಿಸುವ ನಾವೆಲ್ಲ ಆ ಕಡೆಗೊಂದು ನಮಸ್ಕಾರ ಹಾಕಲೇಬೇಕು!

ಈ ಕಾಲದಲ್ಲೇ ಏಕೆ?

ಆಶ್ವಯುಜ, ಕಾರ್ತಿಕ ಸೇರಿ ಶರದೃತು. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಗಿರಿಗಳ ಮೇಲೆ ಮಳೆ, ಗಾಳಿ, ಮಂಜು ಬಿಟ್ಟರೆ ಬೇರೇನೂ ಕಾಣದು. ಫೆಬ್ರುವರಿ ದಾಟಿದರೆ ಹುಲ್ಲೆಲ್ಲ ಒಣಗಿ ಕೆಂಪಗಾಗುತ್ತದೆ, ಕಾಡ್ಗಿಚ್ಚಿನ ಭಯವೂ ಇರುತ್ತದೆ. ಈಗ ಮಾತ್ರ ಹುಲ್ಲು ಹಸಿರಾಗಿಯೇ ಇದ್ದು, ತೊರೆಗಳಲ್ಲಿ ನೀರೂ ಇದ್ದು, ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಇರುತ್ತದೆ. ಮಂಜು ಸರಿದ ಬೆಳಿಗ್ಗೆ ಒಂದು ಕಡೆ ಮಲೆನಾಡಿನ ಗುಡ್ಡಗಳ ಮೇಲೆ ಗುಡ್ಡ, ಇನ್ನೊಂದು ಕಡೆ ಬಯಲುಸೀಮೆಯ ಕೆರೆಗಳ ಹೊಳಪು ಕಾಣುತ್ತದೆ.

ಆ ಹುಲ್ಲುಗಾವಲನ್ನು ಸುಮ್ಮನೆ ನೋಡಿ ಬರಬೇಡಿ, ಸ್ವಲ್ಪ ಗಮನಿಸಿ. ಬೆಟ್ಟದ ಮೈತುಂಬ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಗಾಳಿಯ ಹೊಡೆತ ಕಡಿಮೆಯಿರುವ, ಮಣ್ಣು ಆಳವಾಗಿರುವ ಮಡಿಕೆಗಳಲ್ಲಿ ಮರ ಬೇರೂರುತ್ತದೆ. ಸುರಿಯುವ ಮಳೆಯ ರಭಸವನ್ನು ಹುಲ್ಲು ತಡೆಯುತ್ತದೆ. ಮಣ್ಣು ಅದನ್ನು ಹೀರಿಕೊಂಡು, ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತದೆ. ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಆ ಬಟ್ಟೆ ಹೇಗೆ ತೇವ ಹಿಡಿದಿಟ್ಟುಕೊಂಡಿರುತ್ತದೋ ಹಾಗೆ.

ಈ ನೀರು ಎಲ್ಲಿಗೆ ಹೋಗುತ್ತದೆ ಗೊತ್ತೇ? ಈ ಗಿರಿಸಾಲಿನ ಪೂರ್ವದ ಇಳಿಜಾರಿನ ತೊರೆಗಳು ವೇದಾ, ಅವತಿ ಎಂಬ ಹೊಳೆಗಳಾಗಿ, ಕಡೂರಿನ ಬಳಿ ಕೂಡಿ ವೇದಾವತಿ ಆಗುತ್ತವೆ. ವೇದಾವತಿ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರವನ್ನು ಸೇರುತ್ತದೆ. 1907ರಲ್ಲಿ ಪೂರ್ಣವಾದ ಆ ಅಣೆಕಟ್ಟಿಗೆ, 1895ರಿಂದ 1902ರವರೆಗೆ ಮಗನ ಪರವಾಗಿ ಮೈಸೂರು ರಾಜ್ಯವನ್ನು ಆಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಹಿರಿಯೂರು, ಚಿತ್ರದುರ್ಗದ ಓದುಗರೇ, ನಿಮ್ಮ ಮನೆಯ ನಲ್ಲಿಗೂ ಈ ಹುಲ್ಲುಗಾವಲಿಗೂ ನಂಟಿದೆ. ಪ್ಲಾಸ್ಟಿಕ್ ಚೀಲ, ತಟ್ಟೆ ಎಸೆದು ಬಂದರೆ ನಾವು ಕುಡಿಯುವ ನೀರಿನ ಹಂಡೆಗೇ ಕಸ ಹಾಕಿದ ಹಾಗೆ.

ಹೂವಿನ ಮಾತೂ ಒಂದಿದೆ. 2022ರಲ್ಲಿ ಈ ಸಾಲಿನಲ್ಲಿ ಕುರಿಂಜಿ ಹೂ ಅರಳಿ ಬೆಟ್ಟವೇ ನೀಲಿಯಾಗಿತ್ತು. ಕುರಿಂಜಿ ಜಾತಿಯ ಎಷ್ಟೋ ಗಿಡಗಳು ಹಲವಾರು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬೀಜ ಉದುರಿಸಿ, ಸತ್ತು ಹೋಗುತ್ತವೆ. ಹೂ ಕಿತ್ತು ಮುಡಿದರೆ ಮುಂದಿನ ತಲೆಮಾರಿನ ಬೀಜವನ್ನೇ ಕಿತ್ತಂತೆ. ಮಲ್ಲಿಗೆ ಪೇಟೆಯಲ್ಲಿ ಸಿಗುತ್ತದೆ, ಮುಡಿದೇ ಹೋಗಿ.

ಹೆಂಗಸರು ಹತ್ತದ ಬೆಟ್ಟವೇನಲ್ಲ

ಬೆಟ್ಟ ಹತ್ತುವುದು ಗಂಡಸರ, ಕಾಲೇಜು ಹುಡುಗರ ಹವ್ಯಾಸ ಎಂದುಕೊಂಡಿದ್ದರೆ ಇದೇ ಸಾಲಿನ ದೇವೀರಮ್ಮನ ಬೆಟ್ಟದ ಕಡೆ ನೋಡಿ. ಮಲ್ಲೇನಹಳ್ಳಿ ಸಮೀಪದ ಬಿಂಡಿಗದ ದೇವೀರಮ್ಮನ ದರ್ಶನಕ್ಕೆ ನರಕ ಚತುರ್ದಶಿಯ ಹೊತ್ತಿಗೆ ಸಾವಿರಾರು ಜನ, ಅದರಲ್ಲಿ ಅಜ್ಜಿಯರು, ಬಾಣಂತನ ಮುಗಿಸಿದ ಸೊಸೆಯರು, ಎಳೆ ಹುಡುಗಿಯರು, ಬರಿಗಾಲಲ್ಲಿ ಕಡಿದಾದ ಜಾರುವ ದಾರಿಯನ್ನು ಹತ್ತುತ್ತಾರೆ. ಕೈಯಲ್ಲಿ ಹರಕೆಯ ಸೌದೆ, ಎಣ್ಣೆ, ತುಪ್ಪ. ಅಲ್ಲಿ ಯಾರೂ "ನಿಮ್ಮ ಕೈಲಾಗುತ್ತಾ?" ಎಂದು ಕೇಳುವುದಿಲ್ಲ. ದೇವರ ಹೆಸರಿನಲ್ಲಿ ಹತ್ತಬಲ್ಲ ಕಾಲು, ನಮ್ಮ ಸಂತೋಷಕ್ಕಾಗಿ ಹತ್ತಲಾರದೇ?

ಮೂರು ವಾರದ ತಯಾರಿ

ದಿನವೂ ಸಂಜೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಎರಡನೇ ವಾರದಿಂದ ಮೆಟ್ಟಿಲನ್ನು ನಿಲ್ಲದೆ ಹತ್ತು ಸಲ ಹತ್ತಿ ಇಳಿಯಿರಿ. ಮಂಡಿಗೆ ತ್ರಾಸ ಹತ್ತುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು. ಹಾಗಾಗಿ ಇಳಿಯುವಾಗ ಪುಟ್ಟ ಪುಟ್ಟ ಹೆಜ್ಜೆ ಹಾಕಿ, ಕೈಗೊಂದು ಕೋಲು ಹಿಡಿಯಿರಿ.

ನಾಲ್ಕು ಹೆಜ್ಜೆಗೆ ಏದುಸಿರು, ಎದೆ ಡವಡವ, ತಲೆ ಸುತ್ತು ಬಂದರೆ ಸೋಮಾರಿತನ ಎಂದು ನಿಮ್ಮನ್ನೇ ಬೈದುಕೊಳ್ಳಬೇಡಿ. ರಕ್ತಹೀನತೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಈ ಕೊರತೆ ಇದೆ. ಮನೆಮಂದಿಗೆಲ್ಲ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಣ್ಣುವ ನಮ್ಮ ಪದ್ಧತಿಯೂ ಇದಕ್ಕೆ ಕಾರಣ. ಹೀಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ವೈದ್ಯರ ಮಾತಿನಂತೆ ನಡೆಯಿರಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರೂ ಮೊದಲು ವೈದ್ಯರನ್ನು ಕೇಳಲೇಬೇಕು. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ಶರತ್ಕಾಲಕ್ಕೆ ಹೋದರಾಯಿತು.

ಉಡುಪು, ಗಂಟು, ಬುತ್ತಿ

ಚಪ್ಪಲಿ ಬೇಡ, ಹಿಡಿತವಿರುವ ಬೂಟು ಇರಲಿ. ಹೊಸ ಬೂಟಾದರೆ ಮನೆಯಲ್ಲೇ ವಾರವಿಡೀ ಹಾಕಿ ಪಳಗಿಸಿ. ಸಲ್ವಾರ್ ಅನುಕೂಲ. ಸೀರೆಯೇ ಆಗಬೇಕೆಂದರೆ ಹತ್ತಿಯದು, ಕಣಕಾಲಿನ ಮೇಲಕ್ಕೆ ಉಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ. ಎತ್ತರ ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು ಹೆಚ್ಚುತ್ತದೆ. ಅದರ ಮೇಲೆ ಗಾಳಿ ಬೇರೆ. ಆದ್ದರಿಂದ ಒಂದು ಸ್ವೆಟರು, ಕಿವಿಗೆ ಬಟ್ಟೆ, ತೆಳು ಮಳೆಕೋಟು ಜೊತೆಗಿರಲಿ. ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಹೇಳಲು ಸಂಕೋಚಪಡುವ ಮಾತೊಂದಿದೆ. ಕಾಲುದಾರಿಯಲ್ಲಿ ಶೌಚಾಲಯವಿಲ್ಲ ಎಂದು ನಮ್ಮಲ್ಲಿ ಅನೇಕರು ಬೆಳಗ್ಗಿನಿಂದ ನೀರೇ ಕುಡಿಯುವುದಿಲ್ಲ. ಇದರಿಂದ ತಲೆನೋವು, ಸುಸ್ತು, ಉರಿಮೂತ್ರ ಬರುತ್ತವೆ. ಹೊರಡುವ ಮುನ್ನ ಪೇಟೆಯಲ್ಲೇ ಮುಗಿಸಿಕೊಳ್ಳಿ. ಗುಂಪಿನಲ್ಲಿದ್ದರೆ ಮರೆ ಹಿಡಿಯಲು ಒಂದು ಶಾಲು ಸಾಕು. ತಿಂಗಳ ದಿನಗಳಾದರೆ ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿ ವಾಪಸು ತನ್ನಿ. ತಲೆಗೊಂದು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಇರಲಿ, ಗುಟುಕು ಗುಟುಕಾಗಿ ಕುಡಿಯಿರಿ.

ಬುತ್ತಿಗೆ ಗೊಜ್ಜವಲಕ್ಕಿಯಂಥದ್ದು ಮತ್ತೊಂದಿಲ್ಲ. ಗಟ್ಟಿ ಅವಲಕ್ಕಿ ಎರಡು ಲೋಟ ತೆಗೆದುಕೊಂಡು ತರಿತರಿಯಾಗಿ ಪುಡಿಮಾಡಿ. ನಿಂಬೆಗಾತ್ರದ ಹುಣಸೆಹಣ್ಣಿನ ರಸಕ್ಕೆ ಅಷ್ಟೇ ಬೆಲ್ಲ, ಎರಡು ಚಮಚ ಸಾರಿನಪುಡಿ, ಉಪ್ಪು ಕದಡಿ ಪುಡಿಗೆ ಸುರಿದು ಕಲಸಿ ಅರ್ಧ ಗಂಟೆ ಬಿಡಿ. ಸಾಸಿವೆ, ಕಡಲೆಬೇಳೆ, ಕಡಲೆಕಾಯಿಬೀಜ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆಗೆ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ, ಒಣಕೊಬ್ಬರಿ ತುರಿ ಬೆರೆಸಿ. ಹಸಿ ತೆಂಗಿನಕಾಯಿ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಹಳಸೀತು. ಮೊಸರನ್ನ ಒಯ್ಯುವುದಾದರೆ ಬೆಳಿಗ್ಗೆ ಹಾಲನ್ನ ಕಲಸಿ ಒಂದು ಚಮಚ ಮೊಸರು ಹಾಕಿಡಿ, ಮೇಲೆ ಹೋಗಿ ತೆರೆಯುವಾಗ ಹುಳಿಯಿಲ್ಲದೆ ಹದವಾಗಿರುತ್ತದೆ. ನಾಲ್ಕು ಕಿತ್ತಳೆ, ಬೆಲ್ಲದ ಚೂರು ಇದ್ದರೆ ದಣಿವಿಗಾಯಿತು.

ಜೋಪಾನ

ಈ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಬೋಳು ಶಿಖರದ ಮೇಲೆ ಸಿಡಿಲು ಆಟದ ಮಾತಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಹತ್ತಲು ಶುರುಮಾಡಿ, ಮಧ್ಯಾಹ್ನ ಒಂದರೊಳಗೆ ಇಳಿಯಲು ತೊಡಗಿ. ಗುಡುಗು ಕೇಳಿಸಿತೋ, ಫೋಟೋ ಸಾಕು, ಕೂಡಲೇ ಏಣು ಬಿಟ್ಟು ಕೆಳಗಿಳಿಯಿರಿ. ಒಂಟಿ ಮರ, ಕಬ್ಬಿಣದ ಕಂಬಿಗಳಿಂದ ದೂರವಿರಿ. ಮಂಜು ಕವಿದರೆ ದಾರಿ ಬಿಟ್ಟು ಅಲೆಯದೆ, ಇದ್ದಲ್ಲೇ ಒಟ್ಟಿಗೆ ಕೂತು ತಿಳಿಯಾಗುವವರೆಗೆ ಕಾಯಿರಿ. ಸಂಜೆ ಆರಕ್ಕೆಲ್ಲ ಕತ್ತಲಾಗುತ್ತದೆ.

ಒದ್ದೆ ನೆಲದಲ್ಲಿ ಇನ್ನೂ ಇಂಬಳ ಇರಬಹುದು. ಕಚ್ಚಿದರೆ ಕಿತ್ತೆಳೆಯಬೇಡಿ, ಉಪ್ಪು ತಾಗಿಸಿದರೆ ತಾನೇ ಬಿಡುತ್ತದೆ. ಅದರ ಜೊಲ್ಲಿನಿಂದ ರಕ್ತ ಬೇಗ ಹೆಪ್ಪುಗಟ್ಟದೆ ಸ್ವಲ್ಪ ಹೊತ್ತು ಸೋರುತ್ತದೆ, ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅದರಲ್ಲಿ ವಿಷವಿಲ್ಲ. ವಾಹನಗಳಿಗೆ ಮುಂಗಡ ನೋಂದಣಿಯ ನಿಯಮವಿರುವುದರಿಂದಲೂ, ಭಾರೀ ಮಳೆಯಾದಾಗ ದಾರಿ ಮುಚ್ಚುವುದರಿಂದಲೂ ಮುಂಚೆಯೇ ವಿಚಾರಿಸಿಕೊಂಡು ಹೊರಡಿ. ಮೇಲೆ ಎಲ್ಲ ಕಡೆ ಮೊಬೈಲು ಕೂಗುವುದೆಂದು ನಂಬಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಹೇಳಿಡಿ.

ಇನ್ನು ಮನೆಯ ಮಾತು

ಒಬ್ಬರೇ ಹೋಗುವುದು ಬೇಡ. ಮಹಿಳಾ ಸಮಾಜದವರೋ, ಬೀದಿಯವರೋ ನಾಲ್ಕಾರು ಜನ ಸೇರಿ. ಖರ್ಚು ಹಂಚಿಕೊಂಡರೆ ಜೀಪಿನ ಬಾಡಿಗೆ ಭಾರವಾಗದು. ಮನೆಯವರಿಗೆ "ಹೋಗಲಾ?" ಎಂದು ಅಳುಕುತ್ತ ಕೇಳುವುದಕ್ಕಿಂತ, ವಾರ ಮುಂಚೆಯೇ "ಬರುವ ಶನಿವಾರ ನಾನು ಊರಲ್ಲಿರೋಲ್ಲ" ಎಂದು ನಗುತ್ತ ತಿಳಿಸಿ. ಅಡುಗೆ ಮಾಡಿಟ್ಟು, ಡಬ್ಬಿಗಳಿಗೆ ಚೀಟಿ ಅಂಟಿಸಿ, ಹತ್ತು ಸೂಚನೆ ಬರೆದಿಡಬೇಡಿ. ಅನ್ನಕ್ಕೆ ನೀರೆಷ್ಟು ಎಂಬುದನ್ನು ಮಕ್ಕಳೂ, ಅವರ ತಂದೆಯೂ ಆ ಒಂದು ದಿನ ಕಲಿಯಲಿ. ಸಾರಿಗೆ ಉಪ್ಪು ಕಡಿಮೆಯಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಮಾರನೆಯ ದಿನ ಮೀನಖಂಡ ಹಿಡಿದುಕೊಂಡಿರುತ್ತದೆ. ಬಿಸಿನೀರು ಹುಯ್ದುಕೊಂಡು, ಕೊಬ್ಬರಿ ಎಣ್ಣೆ ತಿಕ್ಕಿಸಿಕೊಳ್ಳಿ. ತಿಕ್ಕುವ ಕೆಲಸವನ್ನು ಮಗಳಿಗೋ ಮಗನಿಗೋ ವಹಿಸಿ, ಬೆಟ್ಟದ ಮೇಲೆ ಏನೇನು ನೋಡಿದಿರಿ ಎಂದು ಹೇಳುತ್ತಾ ಕೂರಿ. ಮುಂದಿನ ವರ್ಷ ಅವರನ್ನೂ ಕರೆದೊಯ್ಯುವಿರಂತೆ.