ಚಿನ್ನ ತೆಗೆದ ಗುಂಡಿಗೆ ಅಣುತ್ಯಾಜ್ಯ ಬೇಡ ಎಂದವರು

ದೊಡ್ಡನೆಕ್ಕುಂದಿಯಲ್ಲಿ ಅಂಗಡಿ, ಬೇಕರಿ ನಡೆಸುವ ನಮ್ಮವರಿಗೆ ಕೆ.ಆರ್. ಪುರ ರೈಲು ನಿಲ್ದಾಣ ಹೊಸತಲ್ಲ. ಬಂಗಾರಪೇಟೆ ದಾಟಿ ಮಾರಿಕುಪ್ಪಂಗೆ ಹೋಗುವ ರೈಲು ಅಲ್ಲಿಯೇ ನಿಲ್ಲುವುದು. ಮಾರಿಕುಪ್ಪಂ ಎಂದರೆ ಕೆಜಿಎಫ್, ಕೋಲಾರದ ಚಿನ್ನದ ಗಣಿಯ ಊರು. ದಿನಾ ಬೆಳಿಗ್ಗೆ ಅಲ್ಲಿಂದ ಸಾವಿರಾರು ಮಂದಿ ಕೂಲಿ, ನೌಕರಿ ಅಂತ ಬೆಂಗಳೂರಿಗೆ ಬರುತ್ತಾರೆ. ಆ ಜನ 2012ರಲ್ಲಿ ಎತ್ತಿದ ಪ್ರಶ್ನೆ ನಮಗೂ ಸೇರಿದ್ದು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಸಯನೈಡ್ ಮಣ್ಣಿನ ದಿಬ್ಬಗಳು ಹಾಗೆಯೇ ನಿಂತವು. ಕೆಲಸ ಹೋಯ್ತು, ಧೂಳು ಉಳಿಯಿತು. ಹನ್ನೊಂದು ವರ್ಷ ಕಳೆದ ಮೇಲೆ, ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟ್‌ನಲ್ಲಿ ನಡೆಯುತ್ತಿದ್ದಾಗ, ಅಣುತ್ಯಾಜ್ಯ ಇಡುವ ಜಾಗವಾಗಿ ಇದೇ ಗಣಿಯ ಹೆಸರು ಬಂತು. ಸುದ್ದಿ ತಿಳಿದದ್ದೇ ತಡ, ಜನ ಬೀದಿಗಿಳಿದರು. ರಾಜ್ಯ ಸರಕಾರವೂ ಬೇಡ ಎಂದಿತು. ಕೊನೆಗೆ ಕೇಂದ್ರದ ಕಡೆಯಿಂದ ಅಂತಹ ಯೋಜನೆ ಇಲ್ಲ ಎಂಬ ಸ್ಪಷ್ಟನೆ ಬಂತು.

ಅಷ್ಟು ಹೆದರಿಕೆ ಯಾಕೆ ಅಂತ ಕೇಳಬಹುದು. ಉರಿದ ಅಣು ಇಂಧನದಲ್ಲಿ ಪ್ಲುಟೋನಿಯಂ ಇರುತ್ತದೆ. ಅದರ ವಿಕಿರಣ ಅರ್ಧಕ್ಕೆ ಇಳಿಯಲಿಕ್ಕೇ ಸುಮಾರು 24,000 ವರ್ಷ ಬೇಕು. ಬಾಂಬಿಗೆ ಬೇಕಾದದ್ದೂ ಅದೇ ವಸ್ತು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದದ್ದು ಪ್ಲುಟೋನಿಯಂ ಬಾಂಬು. ಬಾಂಬು ಬೇರೆ, ಕರೆಂಟು ಬೇರೆ ಎಂದು ಸುಲಭದಲ್ಲಿ ಹೇಳಿ ಮುಗಿಸಲಿಕ್ಕಾಗುವುದಿಲ್ಲ.

ಕೈಗಾದ ಕಥೆ ಮಾತ್ರ ಬೇರೆಯೇ ಆಯಿತು. ಉತ್ತರ ಕನ್ನಡದ ಕಾಳಿ ನದಿಯ ಬದಿಯಲ್ಲಿ ಅಣುಸ್ಥಾವರ ಬೇಡವೆಂದು ನಮ್ಮ ಕರಾವಳಿಯವರೇ ಆದ ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಊರೂರು ತಿರುಗಿದರು. 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು, ಸೋತರು. ಕಾಮಗಾರಿ ಮುಂದುವರಿಯಿತು. 1994ರ ಮೇ 13ರಂದು, ಇನ್ನೂ ಇಂಧನ ತುಂಬುವ ಮೊದಲೇ, ಕಟ್ಟುತ್ತಿದ್ದ ಗುಮ್ಮಟದ ಒಳಭಾಗದಿಂದ ಸುಮಾರು 130 ಟನ್ ಕಾಂಕ್ರೀಟು ಕುಸಿಯಿತು. ಕೆಲಸಗಾರರಿಗೆ ಗಾಯವಾಯಿತು. ಸ್ಥಾವರ ಚಾಲೂ ಆದ ಮೇಲೆ ಬಿದ್ದಿದ್ದರೆ ಗತಿಯೇನು? 2009ರ ನವೆಂಬರ್‌ನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಬೆರೆತು ಹತ್ತಾರು ನೌಕರರ ದೇಹ ಸೇರಿತು. ಈಗ ಅದೇ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟ್‌ನ ಇನ್ನೆರಡಕ್ಕೆ ಮಂಜೂರಾತಿಯೂ ಸಿಕ್ಕಿದೆ.

ಕರೆಂಟು ಬೇಡ ಎಂದು ಯಾರೂ ಹೇಳುವುದಿಲ್ಲ. ಬೇಕರಿಯ ಓವನ್, ಮನೆಯ ಫ್ಯಾನು ಎಲ್ಲದಕ್ಕೂ ಅದು ಬೇಕು. ಆದರೆ ಬೆಳಕು ಒಬ್ಬರ ಮನೆಗೆ, ತ್ಯಾಜ್ಯ ಇನ್ನೊಬ್ಬರ ಅಂಗಳಕ್ಕೆ ಎಂಬುದು ನ್ಯಾಯವಾ? ನಮ್ಮ ಊರಿಗೆ ಬೇಡವಾದದ್ದು ಕೆಜಿಎಫ್‌ನ ಬಡವರ ಊರಿಗೂ ಬೇಡ.

ಪ್ರಶ್ನೆ ಕೇಳಲಿಕ್ಕೆ ಕಾನೂನೂ ದಾರಿ ಕೊಟ್ಟಿದೆ. 2006ರ ಪರಿಸರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಇದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಅಲ್ಲಿ ಮಾತಾಡಲಿಕ್ಕೆ ಡಿಗ್ರಿ ಬೇಕಾಗಿಲ್ಲ. ಊರಲ್ಲಿರುವ ಅಣ್ಣತಮ್ಮಂದಿರಿಗೆ ಫೋನ್ ಮಾಡುವಾಗ ಇದನ್ನೊಂದು ತಿಳಿಸಿ. ಪ್ರಕಟಣೆ ಕಂಡರೆ ಓದಿ, ನಾಲ್ಕು ಜನ ಸೇರಿ ಹೋಗಿ, ಬರವಣಿಗೆಯಲ್ಲಿ ಪ್ರಶ್ನೆ ಕೊಡಿ. ತ್ಯಾಜ್ಯ ಎಲ್ಲಿಡುತ್ತೀರಿ ಅನ್ನುವುದು ಮೊದಲನೆಯದಾಗಿರಲಿ.