ನಡೆದು ನೋಡೋಣ ಹಳೆಯ ದುಬೈ

ದುಬೈ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಬುರ್ಜ್ ಖಲೀಫಾ ಮತ್ತು ಮಾಲ್‌ಗಳು. ಆದರೆ ಈ ಊರು ಬೆಳೆದದ್ದು ‘ಖೋರ್’ ಎಂಬ ಕಡಲ ಹಿನ್ನೀರಿನ ದಡದಲ್ಲಿ. ಅದನ್ನು ಕಾರಿನಲ್ಲಿ ಕುಳಿತು ನೋಡಲಾಗದು, ನಡೆದೇ ನೋಡಬೇಕು.

ಬರ್ ದುಬೈಯ ಅಲ್ ಫಹೀದಿ ಕೋಟೆಯಿಂದ ಹೊರಡೋಣ. ಇದನ್ನು ಕಟ್ಟಿದ್ದು 1787ರಲ್ಲಿ. ಪಕ್ಕದ ಬಸ್ತಕಿಯಾ ಓಣಿಗಳಲ್ಲಿ ಇರಾನಿನಿಂದ ಬಂದು ನೆಲೆಸಿದ ವರ್ತಕರ ಮನೆಗಳಿವೆ. ಮನೆಯ ಮೇಲಿನ ಗಾಳಿಗೋಪುರ ನಾಲ್ಕೂ ದಿಕ್ಕಿಗೆ ತೆರೆದಿದ್ದು, ಬೀಸುವ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತದೆ, ಬಿಸಿಗಾಳಿಯನ್ನು ಹೊರಹಾಕುತ್ತದೆ. ವಿದ್ಯುತ್ ಇಲ್ಲದ ಕಾಲದ ಏ.ಸಿ. ಇದೇ! 1980ರ ದಶಕದಲ್ಲಿ ಈ ಬಡಾವಣೆಯ ಅರ್ಧದಷ್ಟು ನೆಲಸಮವಾಯಿತು. ಉಳಿದುದನ್ನು ಕಾಪಾಡಿದ್ದರಿಂದ ನಾವಿಂದು ಇಲ್ಲಿ ನಡೆಯುತ್ತಿದ್ದೇವೆ.

ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಖೋರ್ ದಾಟಿದರೆ ದೇರಾದ ಮಸಾಲೆ ಸೂಕ್. ಇರಾನಿನ ಕೇಸರಿ, ಒಣಗಿಸಿದ ಕಪ್ಪು ನಿಂಬೆಯ ಪಕ್ಕದಲ್ಲೇ ನಮಗೆ ಚಿರಪರಿಚಿತವಾದ ಏಲಕ್ಕಿ, ಕಾಳುಮೆಣಸು!

ನಡೆದು ಹಸಿವಾದಾಗ ಬೀದಿಬದಿಯ ತಿಂಡಿಗಳಿವೆ. ಎಣ್ಣೆಯಲ್ಲಿ ಕರಿದು ಖರ್ಜೂರದ ಪಾಕ ಸುರಿದ ಲುಕೈಮಾತ್ ಕಣ್ಣಿಗೆ ಗೋಳಿಬಜೆ, ಬಾಯಿಗೆ ಸಿಹಿ. ಜೊತೆಗೆ ಕರಕ್ ಚಹಾ. ಆ ಹೆಸರು ಬಂದದ್ದೇ ನಮ್ಮ ‘ಖಡಕ್’ ಚಹಾದಿಂದ. ಭಾರತದ ರಿಸರ್ವ್ ಬ್ಯಾಂಕ್ ಹೊರಡಿಸಿದ ರೂಪಾಯಿಯೇ 1966ರವರೆಗೆ ಇಲ್ಲಿ ಚಲಾವಣೆಯಲ್ಲಿತ್ತೆಂದರೆ ನಂಟು ಎಷ್ಟು ಹಳೆಯದು ನೋಡಿ!

ಪೋಷಕರೇ, ಚಳಿಗಾಲದ ಒಂದು ರಜಾದಿನದ ಸಂಜೆ ಮಕ್ಕಳ ಕೈಹಿಡಿದು ಇಲ್ಲಿ ನಡೆಯಿರಿ. ತಾವು ಬೆಳೆಯುತ್ತಿರುವ ಊರಿನ ಕಥೆ ಮಕ್ಕಳಿಗೂ ತಿಳಿದಿರಲಿ.