ಎರಡು ತೂಕದ ಕಲ್ಲು

ಸಂತೆಯಲ್ಲಿ ಬೆಲ್ಲ ತೂಗುವವನು ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಮತ್ತೊಂದು ಕಲ್ಲು ಇಟ್ಟರೆ ಅವನನ್ನು ಮೋಸಗಾರನೆನ್ನುತ್ತೇವೆ. ಆದರೆ ರಾಜಕಾರಣವನ್ನು ತೂಗುವಾಗ ನಮ್ಮ ಕೈಯಲ್ಲಿರುವ ಕಲ್ಲುಗಳೆಷ್ಟು? ಇದನ್ನು ನಾವು ಎಣಿಸಿ ನೋಡುವುದಿಲ್ಲ.

2019ನೆಯ ಇಸವಿಯೊಂದನ್ನೇ ತೆಗೆದುಕೊಳ್ಳೋಣ. ಜುಲೈನಲ್ಲಿ ಗೋವೆಯ ಕಾಂಗ್ರೆಸ್ಸಿನ 15 ಶಾಸಕರಲ್ಲಿ 10 ಮಂದಿ ಬಿಜೆಪಿ ಸೇರಿದರು. ಅವರಲ್ಲಿ ಮೂವರು ಕೆಲವೇ ದಿನಗಳಲ್ಲಿ ಸಚಿವರಾದರು. ಕಾಂಗ್ರೆಸ್ಸು ಅದನ್ನು ಖಂಡಿಸಿತು. ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಿಎಸ್‌ಪಿಯ ಆರು ಶಾಸಕರೂ ಕಾಂಗ್ರೆಸ್ಸಿಗೆ ಬಂದರು. ಅದೇ ಕಾಂಗ್ರೆಸ್ಸು ಅವರನ್ನು ಬರಮಾಡಿಕೊಂಡಿತು. ಮರುವರ್ಷ ಬಿಜೆಪಿಯ ಶಾಸಕರೊಬ್ಬರು ಇದರ ವಿರುದ್ಧ ಹೈಕೋರ್ಟಿನ ಮೆಟ್ಟಿಲೇರಿದರು. ಗೋವೆಯಲ್ಲಿ ಪಥ್ಯವಾದದ್ದು ರಾಜಸ್ಥಾನದಲ್ಲಿ ಅಪಥ್ಯವಾಯಿತು!

ನಮ್ಮ ನಾಡೇನು ಹಿಂದೆ ಬೀಳಲಿಲ್ಲ. ಅದೇ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಉರುಳಿತು, 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅವಕಾಶವಿತ್ತಿತು. 2020ರ ಫೆಬ್ರವರಿಯಲ್ಲಿ, ಉಪಚುನಾವಣೆ ಗೆದ್ದು ಬಂದ 10 ಮಂದಿ ಒಂದೇ ದಿನ ಮಂತ್ರಿಗಳಾದರು.

ಕಾನೂನು ಇಲ್ಲವೆಂದಲ್ಲ. 1985ರಲ್ಲಿ ಪಕ್ಷಾಂತರ ನಿಷೇಧ ಬಂತು. ಆಗ ಮೂರನೆಯ ಒಂದು ಭಾಗ ಒಡೆದು ಹೋದರೆ ಕ್ಷಮೆಯಿತ್ತು. 2003ರಲ್ಲಿ ಆ ಬಾಗಿಲು ಮುಚ್ಚಿದರು. ಮೂರನೆಯ ಎರಡು ಭಾಗದ ವಿಲೀನದ ಬಾಗಿಲು ಉಳಿಯಿತು, ರಾಜೀನಾಮೆಯ ಕಿಟಕಿಯೂ ತೆರೆದಿತ್ತು. ಒಬ್ಬನೇ ಹೋದರೆ ಅಪರಾಧ, ಗುಂಪಾಗಿ ಹೋದರೆ ವಿಲೀನ. ಮನಸ್ಸು ಕಳ್ಳದಾರಿ ಹುಡುಕುವಾಗ ಎಷ್ಟು ಬೀಗ ಹಾಕಿದರೇನು?

ಇಷ್ಟನ್ನು ಹೇಳಿ ರಾಜಕಾರಣಿಗಳನ್ನು ಬೈದು ಮುಗಿಸಿದರೆ ನಮಗೆ ಸುಖ. ಆದರೆ ಸತ್ಯ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ಜನದವನು ಪಕ್ಷ ಬಿಟ್ಟರೆ ‘ಸಮಾಜದ ಹಿತಕ್ಕಾಗಿ ಹೋದ’ ಎನ್ನುತ್ತೇವೆ, ಬೇರೆಯವನು ಬಿಟ್ಟರೆ ‘ಮಾರಿಕೊಂಡ’ ಎನ್ನುತ್ತೇವೆ. ಸಂಪುಟ ರಚನೆಯ ಹೊತ್ತಿಗೆ ನಮ್ಮವನಿಗೊಂದು ಸ್ಥಾನ ಕೊಡಿರೆಂದು ನಿಯೋಗ ಹೊರಡುವವರು ನಾವೇ. ಕಾವಿ ತೊಟ್ಟವರೂ ಇದಕ್ಕೆ ಹೊರತಾಗಿಲ್ಲ. ಕೊಡುವವನು ಬೆಲೆ ಕೇಳದೆ ಕೊಡುವನೇ? ಆ ಬೆಲೆಯನ್ನು ತೆರುವವನು ಸರತಿಯ ಸಾಲಿನಲ್ಲಿ ನಿಂತು ಮತ ಹಾಕಿದ ಬಡವ. ಅವನು ಒಂದು ಗುರುತಿಗೆ ಒತ್ತಿದ, ಅವನ ಮತ ಮತ್ತೊಂದು ಮನೆಯಲ್ಲಿ ಹೋಗಿ ಕುಳಿತಿತು.

ಆದ್ದರಿಂದ ಮುಂದಿನ ನಿಯೋಗ ಹೊರಡುವ ಮುನ್ನ ನಮ್ಮನ್ನು ನಾವೇ ಒಂದು ಮಾತು ಕೇಳಿಕೊಳ್ಳೋಣ. ನಮ್ಮವನು ಮಾಡಿದ್ದನ್ನೇ ಎದುರಿನವನು ಮಾಡಿದ್ದರೆ ನಾವು ಏನೆನ್ನುತ್ತಿದ್ದೆವು? ಆ ಉತ್ತರವನ್ನು ನಮ್ಮವನಿಗೂ ಹೇಳುವ ಧೈರ್ಯ ಬಂದ ದಿನ, ನಮ್ಮ ತಕ್ಕಡಿಯಲ್ಲಿ ಒಂದೇ ಕಲ್ಲು ಉಳಿದೀತು.